ಬ್ರ್ಯಾಂಡ್ ಮೂರು, ಸಂಬಳ ಪಟ್ಟಿ ಎಷ್ಟು? ಕರಾವಳಿಯ ಉದ್ಯಮಗಳಿಗೆ ಪೇರೋಲ್ ಹೋಲಿಕೆ

ಮಂಗಳೂರು, ಉಡುಪಿ ಕಡೆಯ ವ್ಯಾಪಾರ ಬೆಳೆಯುವ ರೀತಿಯೇ ಬೇರೆ. ಹಂಪನಕಟ್ಟೆಯಲ್ಲಿ ಒಂದು ಊಟದ ಹೋಟೆಲು ಚೆನ್ನಾಗಿ ನಡೆದರೆ ಅದೇ ಮನೆಯವರು ಮಣಿಪಾಲದಲ್ಲಿ ಬೇರೆ ಹೆಸರಿನಲ್ಲಿ ಐಸ್‌ಕ್ರೀಂ ಪಾರ್ಲರ್ ತೆರೆಯುತ್ತಾರೆ. ಎರಡು ವರ್ಷ ಕಳೆದರೆ ಸುರತ್ಕಲ್‌ನಲ್ಲಿ ಮೂರನೆಯ ಹೆಸರಿನ ಬೇಕರಿ. ಬೋರ್ಡು ಮೂರು, ಧನಿಗಳು ಒಬ್ಬರೇ, ಲೆಕ್ಕ ಬರೆಯುವವರೂ ಒಬ್ಬರೇ. ತಿಂಗಳ ಕೊನೆಯಲ್ಲಿ ಆ ಒಬ್ಬರ ಮುಂದೆ ಬರುವ ಪ್ರಶ್ನೆ: ಸಂಬಳ ಪಟ್ಟಿ ಒಂದು ಮಾಡಬೇಕೇ, ಮೂರು ಮಾಡಬೇಕೇ? ಎಕ್ಸೆಲ್ ಸಾಕೇ, ಸಾಫ್ಟ್‌ವೇರ್ ಬೇಕೇ?

ಹೆಚ್ಚಿನವರು ಎರಡನೆಯ ಪ್ರಶ್ನೆಯಿಂದ ಶುರು ಮಾಡುತ್ತಾರೆ, ಎಡವಟ್ಟು ಆಗುವುದು ಅಲ್ಲೇ. ಸಾಫ್ಟ್‌ವೇರನ್ನು ಆರು ತಿಂಗಳಲ್ಲಿ ಬದಲಾಯಿಸಬಹುದು. ನೌಕರರನ್ನು ಯಾರ ಹೆಸರಿನಲ್ಲಿ ನೇಮಿಸಿದ್ದೀರಿ ಎಂಬುದನ್ನು ಬದಲಾಯಿಸಲು ಹೊರಟರೆ ಪಿಎಫ್ (ಭವಿಷ್ಯ ನಿಧಿ), ಗ್ರಾಚ್ಯುಟಿ (ಸೇವಾವಧಿಗೆ ತಕ್ಕಂತೆ ಕೊಡುವ ಉಪದಾನ), ಟಿಡಿಎಸ್ (ಕೊಡುವಾಗಲೇ ಕಡಿಯುವ ಆದಾಯ ತೆರಿಗೆ) ಎಲ್ಲವೂ ಅಲುಗಾಡುತ್ತವೆ. ಆದ್ದರಿಂದ ಇಲ್ಲಿ ಮೊದಲು ಕಾನೂನಿನ ರಚನೆ, ಆಮೇಲೆ ಸಾಧನ.

ಸಂಬಳ ಕೊಡುವುದು ಬ್ರ್ಯಾಂಡ್ ಅಲ್ಲ, ಪ್ಯಾನ್

ಬೋರ್ಡಿನ ಮೇಲಿನ ಹೆಸರಿಗೆ ಕಾರ್ಮಿಕ ಕಾನೂನಿನಲ್ಲಾಗಲಿ ಆದಾಯ ತೆರಿಗೆಯಲ್ಲಾಗಲಿ ಬೆಲೆ ಇಲ್ಲ. ಪ್ರೈವೇಟ್ ಲಿಮಿಟೆಡ್ ಕಂಪನಿ, ಪಾಲುದಾರಿಕೆ ಫರ್ಮ್, ಎಲ್‌ಎಲ್‌ಪಿ ಅಥವಾ ಒಬ್ಬರದೇ ಮಾಲೀಕತ್ವ, ಇವುಗಳಲ್ಲಿ ಯಾವುದರ ಪ್ಯಾನ್ ಅಡಿ ನೇಮಕಾತಿ ಪತ್ರ ಕೊಟ್ಟಿದ್ದೀರೋ ಅದೇ ಮಾಲೀಕ. ನಿಮ್ಮ ವ್ಯಾಪಾರ ಈ ಮೂರರಲ್ಲಿ ಒಂದಾಗಿರುತ್ತದೆ: ಒಂದೇ ಕಂಪನಿಯಡಿ ಹಲವು ಬ್ರ್ಯಾಂಡ್; ಬ್ರ್ಯಾಂಡಿಗೊಂದು ಕಂಪನಿ; ಅಥವಾ ಎಲ್ಲ ನೌಕರರೂ ಒಂದು ಕಂಪನಿಯಲ್ಲಿದ್ದು ಉಳಿದ ಕಂಪನಿಗಳಿಗೆ ಎರವಲು ಹೋಗುವುದು. ಫ್ರಾಂಚೈಸಿ ಕೊಟ್ಟ ಅಂಗಡಿಯ ಹುಡುಗರು ಈ ಲೆಕ್ಕಕ್ಕೆ ಬರುವುದಿಲ್ಲ. ಅವರು ಫ್ರಾಂಚೈಸಿ ತೆಗೆದುಕೊಂಡವರ ನೌಕರರು, ನಿಮ್ಮ ಪಟ್ಟಿಯಲ್ಲಿ ಅವರ ಹೆಸರು ಇರಲೇಬಾರದು.

ಮನೆಯವರ ಬಗ್ಗೆಯೂ ಒಂದು ಮಾತು. ಫರ್ಮಿನ ಪಾಲುದಾರರು ತೆಗೆದುಕೊಳ್ಳುವ 'ಸಂಬಳ' ಪೇರೋಲಿನ ಸಂಬಳವಲ್ಲ. ಅದಕ್ಕೆ ಪಿಎಫ್, ಇಎಸ್‌ಐ (ನೌಕರರ ಆರೋಗ್ಯ ವಿಮೆ) ಇಲ್ಲ. 2025ರ ಏಪ್ರಿಲ್‌ನಿಂದ ವರ್ಷಕ್ಕೆ 20,000 ರೂಪಾಯಿ ಮೀರಿದ ಪಾಲುದಾರರ ಸಂಭಾವನೆಗೆ, ಬಂಡವಾಳದ ಬಡ್ಡಿಗೆ ಶೇ. 10 ಟಿಡಿಎಸ್ ಬೇರೆಯೇ ಕಡಿಯಬೇಕು. ತಮ್ಮನನ್ನು ಬೇಕರಿ ಮ್ಯಾನೇಜರ್ ಎಂದು ಪಟ್ಟಿಗೆ ಸೇರಿಸುವ ಮೊದಲು ಅವನು ಪಾಲುದಾರನೋ ನೌಕರನೋ ನೋಡಿಕೊಳ್ಳಿ.

ಒಂದೇ ಕಂಪನಿ, ಹಲವು ಬ್ರ್ಯಾಂಡ್

ನೂರೈವತ್ತು ಜನರ ಒಳಗಿನ ಕರಾವಳಿಯ ಬಹುಪಾಲು ಉದ್ಯಮಗಳಿಗೆ ನಮ್ಮ ಮತ ಇದಕ್ಕೇ. ಒಂದು ಪಿಎಫ್ ಕೋಡ್, ಒಂದು ಇಎಸ್‌ಐ ಕೋಡ್, ಒಂದು ಟ್ಯಾನ್ (ಟಿಡಿಎಸ್ ಕಟ್ಟುವ ಸಂಖ್ಯೆ), ವೃತ್ತಿ ತೆರಿಗೆಗೆ ಒಂದು ನೋಂದಣಿ. ಅಡುಗೆಯವನನ್ನು ಹೋಟೆಲಿನಿಂದ ಬೇಕರಿಗೆ ಕಳಿಸಿದರೆ ರಾಜೀನಾಮೆಯೂ ಇಲ್ಲ, ಹೊಸ ನೇಮಕಾತಿಯೂ ಇಲ್ಲ. ಗ್ರಾಚ್ಯುಟಿಯ ಸೇವಾವಧಿ ಮುರಿಯುವುದಿಲ್ಲ. ಬ್ರ್ಯಾಂಡ್ ಎಂಬುದು ಪಟ್ಟಿಯಲ್ಲಿ ಒಂದು ಕಾಲಂ ಅಷ್ಟೇ.

ತೊಂದರೆ ಎರಡು ಕಡೆ. ಮೊದಲನೆಯದು ಕನಿಷ್ಠ ವೇತನ. ಕರ್ನಾಟಕದಲ್ಲಿ ಇದು ಉದ್ಯಮವಾರು, ವಲಯವಾರು ಗೊತ್ತಾಗುತ್ತದೆ. ಹೋಟೆಲಿನ ದರ ಒಂದು, ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ದರ ಇನ್ನೊಂದು. ತುಟ್ಟಿಭತ್ಯೆ ಪ್ರತಿ ಏಪ್ರಿಲ್ 1ಕ್ಕೆ ಬದಲಾಗುತ್ತದೆ. ಕಂಪನಿ ಒಂದೇ ಎಂದು ಎಲ್ಲರಿಗೂ ಒಂದೇ ದರ ಹಾಕಿದರೆ ಯಾವುದೋ ಒಂದು ಬ್ರ್ಯಾಂಡಿನಲ್ಲಿ ಕಡಿಮೆ ಕೊಟ್ಟಂತಾಗುತ್ತದೆ. ಪರಿಹಾರ ಸುಲಭ: ಪಟ್ಟಿಯಲ್ಲಿ ಬ್ರ್ಯಾಂಡ್, ಶಾಖೆ, ವೇತನ ಶೆಡ್ಯೂಲ್ (ಯಾವ ಉದ್ಯಮದ ದರ), ಕೆಲಸದ ವರ್ಗ ಎಂದು ನಾಲ್ಕು ಕಾಲಂ ಇಡಿ. ಇಬ್ಬದಿ ಕೆಲಸ ಮಾಡುವವನಿಗೆ ಎರಡರಲ್ಲಿ ಹೆಚ್ಚಿನ ದರ ಕೊಟ್ಟುಬಿಡಿ. ದಿನಕ್ಕೊಂದು ದರದ ಲೆಕ್ಕ ಬರೆಯುವ ಶ್ರಮದ ಮುಂದೆ ಆ ವ್ಯತ್ಯಾಸ ದೊಡ್ಡದಲ್ಲ.

ಎರಡನೆಯದು ಓವರ್‌ಟೈಮ್. ಇದು ಕಣ್ಣಿಗೆ ಬೀಳದೆ ಬೆಳೆಯುವ ಬಾಕಿ. ಬೆಳಿಗ್ಗೆ ಹೋಟೆಲಿನಲ್ಲಿ ಐದೂವರೆ ಗಂಟೆ, ಸಂಜೆ ಪಾರ್ಲರಿನಲ್ಲಿ ಐದು ಗಂಟೆ ದುಡಿದವನ ಬೆರಳಚ್ಚು ಎರಡು ಯಂತ್ರಗಳಲ್ಲಿ ಬೇರೆ ಬೇರೆಯಾಗಿ ಬೀಳುತ್ತದೆ. ಯಾವ ಯಂತ್ರದಲ್ಲೂ ಓವರ್‌ಟೈಮ್ (ಓಟಿ) ಕಾಣುವುದಿಲ್ಲ. ಮಾಲೀಕ ಒಬ್ಬನೇ ಆದ್ದರಿಂದ ಕಾನೂನಿನ ಲೆಕ್ಕದಲ್ಲಿ ಅದು ಹತ್ತೂವರೆ ಗಂಟೆ. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ ದಿನಕ್ಕೆ 9 ಗಂಟೆಯ ಮಿತಿ ದಾಟಿದ ಒಂದೂವರೆ ಗಂಟೆಗೆ ದುಪ್ಪಟ್ಟು ದರ ಬರುತ್ತದೆ, ದಿನದ ಒಟ್ಟು ಗರಿಷ್ಠ ಮಿತಿಯೂ ಮೀರಿರುತ್ತದೆ. ಎಲ್ಲ ಶಾಖೆಗಳ ಯಂತ್ರಗಳಲ್ಲೂ ನೌಕರನಿಗೆ ಒಂದೇ ಸಂಖ್ಯೆ ಇರಬೇಕು, ಹಾಜರಿ ಒಂದೇ ಕಡೆ ಬಂದು ಕೂಡಬೇಕು. ಮಣಿಪಾಲದಲ್ಲಿ 14, ಸುರತ್ಕಲ್‌ನಲ್ಲಿ 'ಎಸ್14' ಎಂದು ಒಬ್ಬನಿಗೇ ಎರಡು ನಂಬರು ಕೊಟ್ಟರೆ ಯಾವ ಸಾಫ್ಟ್‌ವೇರೂ ಅದನ್ನು ಹಿಡಿಯಲಾರದು.

ಬ್ರ್ಯಾಂಡಿಗೊಂದು ಕಂಪನಿ

ಈ ದಾರಿ ಹಿಡಿಯುವವರಲ್ಲಿ ಎರಡು ಬಗೆ. ಹೂಡಿಕೆದಾರರು ಬೇರೆ, ಮುಂದೆ ಒಂದು ಬ್ರ್ಯಾಂಡ್ ಮಾರುವ ಯೋಚನೆ, ಅಣ್ಣತಮ್ಮಂದಿರ ಪಾಲು ಬೇರೆ ಎಂದು ನಿಜವಾದ ಕಾರಣಕ್ಕೆ ಬೇರೆ ಮಾಡುವವರು ಒಂದು ಬಗೆ. ಅವರಿಗೆ ಇದೇ ಸರಿ. 'ತಲೆ ಲೆಕ್ಕ ಕಡಿಮೆ ತೋರಿಸಿದರೆ ಪಿಎಫ್ ಬರುವುದಿಲ್ಲ' ಎಂಬ ಆಸೆಗೆ ಬೇರೆ ಮಾಡುವವರು ಇನ್ನೊಂದು ಬಗೆ. ಅವರು ಈ ಅಂಕಿಗಳನ್ನು ಒಮ್ಮೆ ನೋಡಬೇಕು.

10 ಜನ ಇದ್ದರೆ ಇಎಸ್‌ಐ ಮತ್ತು ಗ್ರಾಚ್ಯುಟಿ ಕಾನೂನು ಅನ್ವಯ. 20 ಜನ ಇದ್ದರೆ ಪಿಎಫ್ ಮತ್ತು ಬೋನಸ್. 50 ಜನ ಇದ್ದರೆ ಕರ್ನಾಟಕ ಕಾರ್ಮಿಕ ಕಲ್ಯಾಣ ನಿಧಿ: ವರ್ಷಕ್ಕೊಮ್ಮೆ ನೌಕರನಿಂದ 50, ಮಾಲೀಕನಿಂದ 100 ರೂಪಾಯಿ, ಕಟ್ಟಲು ಜನವರಿ 15ರ ತನಕ ಅವಕಾಶ. ಹೋಟೆಲಿನಲ್ಲಿ 12, ಪಾರ್ಲರಿನಲ್ಲಿ 9, ಬೇಕರಿಯಲ್ಲಿ 7 ಜನ ಇದ್ದು ಒಂದೇ ಕಂಪನಿಯಾದರೆ ಒಟ್ಟು 28, ಪಿಎಫ್ ಬಂದೇ ಬಂತು. ಶಾಖೆಗಳು, ವಿಭಾಗಗಳು ಎಲ್ಲಿದ್ದರೂ ಅದೇ ಸಂಸ್ಥೆಯ ಭಾಗ ಎಂಬುದು ಪಿಎಫ್ ಕಾನೂನಿನ ನಿಲುವು. ಮೂರು ಕಂಪನಿ ಮಾಡಿದರೆ ಕಾಗದದ ಮೇಲೆ ಮೂರೂ 20ರ ಒಳಗೆ. ಆದರೆ ಪಿಎಫ್ ಕಚೇರಿ ಅಷ್ಟಕ್ಕೇ ನಿಲ್ಲುವುದಿಲ್ಲ. ಮಾಲೀಕತ್ವ, ಆಡಳಿತ, ಹಣಕಾಸು, ಕೆಲಸಗಾರರು ಒಂದೇ ಇದ್ದಾರೆಯೇ, ಒಂದು ಘಟಕ ಇನ್ನೊಂದಿಲ್ಲದೆ ನಡೆಯುತ್ತದೆಯೇ ಎಂದು ನೋಡುತ್ತದೆ. ಅಸೋಸಿಯೇಟೆಡ್ ಸಿಮೆಂಟ್ ಕಂಪನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಈ ಪರೀಕ್ಷೆ ಈಗಲೂ ಚಾಲ್ತಿಯಲ್ಲಿದೆ. ಒಂದೇ ಅಡುಗೆಮನೆಯಿಂದ ಮೂರು ಅಂಗಡಿಗೂ ಸಾಮಾನು ಹೋಗುತ್ತಿದ್ದು, ಒಬ್ಬರೇ ಕ್ಯಾಷಿಯರ್ ಮೂರು ಕಡೆಯ ಹಣ ಎಣಿಸುತ್ತಿದ್ದರೆ ಮೂರನ್ನೂ ಒಟ್ಟುಗೂಡಿಸಿ ಹಿಂದಿನ ವರ್ಷಗಳ ಬಾಕಿಗೆ ನೋಟಿಸ್ ಬರಬಹುದು. ಅಷ್ಟು ಹೊತ್ತಿಗೆ ನೌಕರನ ಪಾಲು ಅವನಿಂದ ಕಡಿಯುವ ಕಾಲವೂ ಮುಗಿದಿರುತ್ತದೆ. ಎರಡೂ ಪಾಲು ಮಾಲೀಕನ ತಲೆಗೆ, ಮೇಲೆ ವರ್ಷಕ್ಕೆ ಶೇ. 12 ಬಡ್ಡಿ, ಅದರ ಮೇಲೆ ದಂಡ.

ನಿಜವಾಗಿಯೇ ಬೇರೆ ಕಂಪನಿಗಳಾದರೆ ನೌಕರರ ಓಡಾಟದಲ್ಲಿ ಜಾಗ್ರತೆ ಬೇಕು. ಒಂದರಿಂದ ಇನ್ನೊಂದಕ್ಕೆ ಹೋದವನ ಯುಎಎನ್ (ನೌಕರನ ಕಾಯಂ ಪಿಎಫ್ ಸಂಖ್ಯೆ) ಅದೇ ಇರುತ್ತದೆ, ಕಂಪನಿಗೊಂದರಂತೆ ಸಿಗುವ ಮೆಂಬರ್ ಐಡಿ ಹೊಸದು. ಹಳೆಯ ಕಂಪನಿಯಲ್ಲಿ ಬಿಟ್ಟ ತಾರೀಕು ನಮೂದಿಸಬೇಕು, ಮರುದಿನದಿಂದ ಹೊಸದರಲ್ಲಿ ಸೇರಿದಂತೆ ಬರಬೇಕು. ಇದನ್ನು ಮರೆತು ಒಂದೇ ಅವಧಿಗೆ ಎರಡೂ ಕಡೆಯಿಂದ ಹಣ ಕಟ್ಟಿದರೆ ಸೇವಾವಧಿ ಒಂದರ ಮೇಲೊಂದು ಬಿದ್ದು ನಾಲ್ಕೈದು ವರ್ಷದ ಮೇಲೆ ಆ ನೌಕರ ಹಣ ತೆಗೆಯಲು ಹೋದಾಗ ಅರ್ಜಿ ತಿರಸ್ಕೃತವಾಗಬಹುದು. ಆಗ ಅವನು ಬರುವುದು ನಿಮ್ಮ ಕೌಂಟರಿಗೇ.

ಇನ್ನೆರಡು ಸೂಕ್ಷ್ಮ. 15,000 ರೂಪಾಯಿಗಿಂತ ಹೆಚ್ಚು ಮೂಲವೇತನದಲ್ಲಿ ಹೊಸದಾಗಿ ಸೇರುವ, ಹಿಂದೆಂದೂ ಪಿಎಫ್ ಸದಸ್ಯನಾಗಿರದವನಿಗೆ ಪಿಎಫ್ ಕಡ್ಡಾಯವಲ್ಲ. ಆದರೆ ನಿಮ್ಮ ಹೋಟೆಲ್ ಕಂಪನಿಯಲ್ಲಿ ಸದಸ್ಯನಾಗಿದ್ದವನು 18,000ಕ್ಕೆ ಬೇಕರಿ ಕಂಪನಿಗೆ ಬಂದರೆ ಅವನು ಹಳೆಯ ಸದಸ್ಯನೇ, ಬಿಡುವಂತಿಲ್ಲ. ಇಎಸ್‌ಐಯಲ್ಲಿ ಕತೆ ತಿರುಗುಮುರುಗು. ತಿಂಗಳಿಗೆ 21,000 ಮಿತಿಯನ್ನು ನಡುವೆ ದಾಟಿದವನು ಅದೇ ಕಂಪನಿಯಲ್ಲಿದ್ದರೆ ಏಪ್ರಿಲ್–ಸೆಪ್ಟೆಂಬರ್ ಅಥವಾ ಅಕ್ಟೋಬರ್–ಮಾರ್ಚ್ ಅವಧಿ ಮುಗಿಯುವ ತನಕ ಒಳಗೇ ಇರುತ್ತಾನೆ. 22,000ಕ್ಕೆ ಸೋದರ ಕಂಪನಿಗೆ ಕಳಿಸಿದಿರೋ, ಅಲ್ಲಿ ಅವನು ಹೊಸ ನೇಮಕಾತಿ, ವ್ಯಾಪ್ತಿಯಿಂದ ಹೊರಗೆ. ಮನೆಯಲ್ಲಿ ಹೆರಿಗೆಯೋ ಆಪರೇಷನ್ನೋ ಇರುವವನಿಗೆ ಬಡ್ತಿಯೇ ಪೆಟ್ಟಾಗಿಬಿಡುತ್ತದೆ. ಕಳಿಸುವ ಮೊದಲು ಅವನನ್ನು ಕೇಳಿ.

ಟಿಡಿಎಸ್ ಇರುವ ಮೇಲಿನ ಹಂತದವರು ವರ್ಷದ ನಡುವೆ ಕಂಪನಿ ಬದಲಿಸಿದರೆ ಹಿಂದಿನ ಕಂಪನಿಯ ಸಂಬಳ, ಕಡಿತದ ವಿವರ ಹೊಸ ಪಟ್ಟಿಗೆ ಬರಬೇಕು. ಇಲ್ಲದಿದ್ದರೆ 75,000ದ ಸ್ಟ್ಯಾಂಡರ್ಡ್ ಡಿಡಕ್ಷನ್ ಎರಡೂ ಕಡೆ ಸಿಕ್ಕಿ ರಿಟರ್ನ್ ಸಮಯದಲ್ಲಿ ತೆರಿಗೆ ಒಟ್ಟಿಗೆ ಕಟ್ಟಬೇಕಾಗುತ್ತದೆ.

ಒಂದು ಕಂಪನಿಯಲ್ಲಿ ಎಲ್ಲರೂ, ಉಳಿದವಕ್ಕೆ ಎರವಲು

ಕೇಳಲು ಚೆಂದ. ಪಟ್ಟಿ ಒಂದು, ಚಲನ್ ಒಂದು, ತಿಂಗಳ ಕೊನೆಗೆ ಉಳಿದ ಕಂಪನಿಗಳಿಗೆ ಖರ್ಚಿನ ಬಿಲ್ಲು. ಹೋಟೆಲ್ ವ್ಯವಹಾರದವರಿಗೆ ಮಾತ್ರ ಇದು ಮೂರರಲ್ಲೇ ದುಬಾರಿ. ಕಾರಣ ಜಿಎಸ್‌ಟಿ. ಬೇರೆ ಕಂಪನಿಗೆ ಜನರನ್ನು ಕೊಡುವುದು ಮಾನವಶಕ್ತಿ ಪೂರೈಕೆ, ದರ ಶೇ. 18. ಹತ್ತು ಜನರ ತಿಂಗಳ ಖರ್ಚು 2,00,000 ಎಂದಿಟ್ಟುಕೊಂಡರೆ ತೆರಿಗೆ 36,000. ಪಡೆಯುವ ಕಂಪನಿ ಬಟ್ಟೆ ಅಂಗಡಿಯೋ ಸಿಹಿತಿಂಡಿ ಮಾರಾಟವೋ ಆಗಿದ್ದರೆ ಅಷ್ಟನ್ನೂ ಇನ್‌ಪುಟ್ ಕ್ರೆಡಿಟ್ ಆಗಿ, ಅಂದರೆ ತಾನು ಕಟ್ಟುವ ಜಿಎಸ್‌ಟಿಯಲ್ಲಿ ಕಳೆದುಕೊಂಡು, ಹಿಂದೆ ಪಡೆಯಬಹುದು. ಶೇ. 5ರ ರೆಸ್ಟೊರೆಂಟಿಗೆ ಇನ್‌ಪುಟ್ ಕ್ರೆಡಿಟ್ಟೇ ಇಲ್ಲ. ಆ 36,000 ಪ್ರತಿ ತಿಂಗಳೂ ಹೋದದ್ದೇ, ವರ್ಷಕ್ಕೆ 4,32,000. 'ಬಿಲ್ಲೇ ಹಾಕುವುದಿಲ್ಲ' ಎನ್ನುವಂತೆಯೂ ಇಲ್ಲ. ಸಂಬಂಧಿತ ಸಂಸ್ಥೆಗಳ ನಡುವೆ ಹಣ ಕೈಬದಲಾಗದಿದ್ದರೂ ಅದು ಪೂರೈಕೆಯೇ. ನೌಕರರನ್ನು ಎರವಲು ಕಳಿಸುವುದು ಮಾನವಶಕ್ತಿ ಪೂರೈಕೆ ಎಂಬ ವಾದವನ್ನು 2022ರಲ್ಲಿ ನಾರ್ದರ್ನ್ ಆಪರೇಟಿಂಗ್ ಸಿಸ್ಟಮ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸೇವಾ ತೆರಿಗೆಯ ಹಿನ್ನೆಲೆಯಲ್ಲಿ ಒಪ್ಪಿದೆ.

ಅದೇ ಹತ್ತು ಜನ ಒಂದೇ ಪ್ಯಾನ್ ಅಡಿ, ಕರ್ನಾಟಕದ ಒಂದೇ ಜಿಎಸ್‌ಟಿ ನೋಂದಣಿಯಲ್ಲಿದ್ದರೆ ಈ ತೆರಿಗೆಯ ಪ್ರಶ್ನೆಯೇ ಏಳುವುದಿಲ್ಲ. ಲೆಕ್ಕದವರು, ಡ್ರೈವರ್, ಖರೀದಿ ನೋಡುವವರು ಮಾತ್ರ ಹಂಚಿಕೆಯಲ್ಲಿರುವ ಗುಂಪಿಗೆ ಎರವಲು ಪದ್ಧತಿ ನಡೆದೀತು. ಅಡುಗೆ, ಸಪ್ಲೈ ವಿಭಾಗಕ್ಕೆ ಬೇಡವೇ ಬೇಡ.

ಖರ್ಚನ್ನು ಬ್ರ್ಯಾಂಡಿಗೆ ಹಂಚುವುದು

ಪಟ್ಟಿ ಒಂದೇ ಇಟ್ಟರೂ ಯಾವ ಬ್ರ್ಯಾಂಡಿಗೆ ಎಷ್ಟು ಖರ್ಚು ಎಂದು ತಿಳಿಯಲೇಬೇಕು. ಇಲ್ಲಿ ಸಾಮಾನ್ಯ ತಪ್ಪು ಕೈಗೆ ಹೋದ ಸಂಬಳವನ್ನು ಹಂಚುವುದು. ಹಂಚಬೇಕಾದ್ದು ಕಂಪನಿಗೆ ಬಿದ್ದ ಪೂರ್ತಿ ಖರ್ಚನ್ನು.

ಒಬ್ಬ ಕ್ಯಾಷಿಯರನ್ನು ತೆಗೆದುಕೊಳ್ಳಿ. ಮೂಲವೇತನ ಮತ್ತು ತುಟ್ಟಿಭತ್ಯೆ ಸೇರಿ 18,000, ಹಳೆಯ ಪಿಎಫ್ ಸದಸ್ಯ, ಕಂಪನಿ 15,000ದ ಮಿತಿಗೆ ಪಿಎಫ್ ಕಟ್ಟುತ್ತದೆ. ಅವನಿಂದ ಪಿಎಫ್ 1,800, ಇಎಸ್‌ಐ ಶೇ. 0.75ರಂತೆ 135, ಕೈಗೆ 16,065. ಕಂಪನಿಯ ಕಡೆಯಿಂದ ಪಿಎಫ್ 1,800 (ಅದರಲ್ಲಿ 1,250 ಪಿಂಚಣಿಗೆ, 550 ಪಿಎಫ್ ಖಾತೆಗೆ), ವಿಮೆ 75, ಆಡಳಿತ ಶುಲ್ಕ 75, ಇಎಸ್‌ಐ ಶೇ. 3.25ರಂತೆ 585. ಒಟ್ಟು ಖರ್ಚು 20,535. ಕೈಗೆ ಹೋದದ್ದಕ್ಕೂ ಇದಕ್ಕೂ 4,470 ವ್ಯತ್ಯಾಸ. ಬೋನಸ್, ಗ್ರಾಚ್ಯುಟಿ ಇನ್ನೂ ಸೇರಿಲ್ಲ. ಅವನು 26 ದಿನದಲ್ಲಿ 16 ದಿನ ಹೋಟೆಲಿನಲ್ಲಿ, 10 ದಿನ ಪಾರ್ಲರಿನಲ್ಲಿ ಕೂತಿದ್ದರೆ ಹೋಟೆಲಿಗೆ 12,637, ಪಾರ್ಲರಿಗೆ 7,898. ವೃತ್ತಿ ತೆರಿಗೆ 25,000 ಮತ್ತು ಮೇಲ್ಪಟ್ಟ ಸಂಬಳಕ್ಕೆ ಮಾತ್ರ: ತಿಂಗಳಿಗೆ 200, ಫೆಬ್ರವರಿಯಲ್ಲಿ 300. ಅದು ನೌಕರನ ಜೇಬಿನದು, ಬ್ರ್ಯಾಂಡಿನ ಖರ್ಚಲ್ಲ.

ಆಫೀಸಿನವರ ಸಂಬಳ ಹಂಚಲು ಮಾರಾಟದ ಅನುಪಾತ, ತಲೆ ಲೆಕ್ಕ, ಗಂಟೆಯ ಲೆಕ್ಕ ಎಂದು ಮೂರು ಅಳತೆಗಳಿವೆ. ಮಾರಾಟದ ಅನುಪಾತ ಎಲ್ಲರಿಗೂ ಪ್ರಿಯ, ಕರಾವಳಿಯಲ್ಲಿ ಅದೇ ದಾರಿ ತಪ್ಪಿಸುತ್ತದೆ. ಏಪ್ರಿಲ್, ಮೇ ಸೆಕೆಗೆ ಗಡ್‌ಬಡ್ ಮಾರಿ ತುಂಬಿ ತುಳುಕುವ ಪಾರ್ಲರು ಆಟಿ ತಿಂಗಳ ಮಳೆಗೆ ನೊಣ ಹೊಡೆಯುತ್ತದೆ. ಲೆಕ್ಕದವರ ಕೆಲಸ ಮಾತ್ರ ಎರಡೂ ತಿಂಗಳು ಅಷ್ಟೇ. ಮಾರಾಟದ ಮೇಲೆ ಹಂಚಿದರೆ ಮಳೆಗಾಲದಲ್ಲಿ ಪಾರ್ಲರಿನ ನಷ್ಟ ನಿಜಕ್ಕಿಂತ ಕಡಿಮೆ ಕಾಣುತ್ತದೆ, ಹೋಟೆಲು ಸುಮ್ಮನೆ ಆ ಭಾರ ಹೊರುತ್ತದೆ. ಪೇರೋಲ್, ಲೆಕ್ಕಪತ್ರಕ್ಕೆ ತಲೆ ಲೆಕ್ಕ. ಕೇಂದ್ರ ಅಡುಗೆಮನೆ, ಡ್ರೈವರಿಗೆ ಗಂಟೆ ಅಥವಾ ಟ್ರಿಪ್. ಜಾಹೀರಾತು ನೋಡುವವರಿಗೆ ಮಾರಾಟ. ಅಳತೆಯನ್ನು ವರ್ಷದ ಮೊದಲೇ ಬರೆದಿಡಿ, ನಡುವೆ ಬದಲಿಸಬೇಡಿ.

ಬೋನಸ್ಸಿನಲ್ಲಿ ಒಂದು ವಿಶೇಷ ಇದೆ, ಬಹಳ ಜನ ಗಮನಿಸುವುದಿಲ್ಲ. ಕಂಪನಿ ಒಂದಾದರೆ ಅದರ ವಿಭಾಗ, ಶಾಖೆಗಳೆಲ್ಲ ಬೋನಸ್ ಲೆಕ್ಕಕ್ಕೆ ಒಂದೇ ಸಂಸ್ಥೆ. ಬೇಕರಿ ನಷ್ಟದಲ್ಲಿದೆ ಎಂದು ಅಲ್ಲಿಯವರಿಗೆ ಕಡಿಮೆ ಕೊಡುವಂತಿಲ್ಲ. ಒಂದು ವಿಭಾಗಕ್ಕೆ ಆ ವರ್ಷ ಪ್ರತ್ಯೇಕ ಆಸ್ತಿ-ಹೊಣೆ ಪಟ್ಟಿ, ಪ್ರತ್ಯೇಕ ಲಾಭ-ನಷ್ಟ ಪತ್ರ ಮಾಡಿ ಇಟ್ಟಿದ್ದರೆ ಮಾತ್ರ ಅದನ್ನು ಬೇರೆ ಸಂಸ್ಥೆ ಎಂದು ಎಣಿಸಬಹುದು. ಅದಕ್ಕೂ ಒಂದು ತಡೆ: ಹಿಂದಿನ ವರ್ಷದ ತನಕ ಬೋನಸ್ಸಿಗೆ ಒಟ್ಟಿಗೇ ಎಣಿಸುತ್ತಿದ್ದರೆ ಈಗ ಬೇರೆ ಮಾಡಲಾಗದು. ಹೊಸ ಬ್ರ್ಯಾಂಡ್ ಶುರು ಮಾಡಿದ ಮೊದಲ ವರ್ಷವೇ ಇದನ್ನು ತೀರ್ಮಾನಿಸಬೇಕು. ಹೇಗೆ ಎಣಿಸಿದರೂ ಅರ್ಹರಿಗೆ ಶೇ. 8.33 ಕನಿಷ್ಠ, ಶೇ. 20 ಗರಿಷ್ಠ.

ಎಕ್ಸೆಲ್, ಟ್ಯಾಲಿ, ಕ್ಲೌಡ್, ಕನ್ಸಲ್ಟೆಂಟ್

ಎಕ್ಸೆಲ್ ಹದಿನೈದು ಜನರ ತನಕ ಸಾಕು, ಅದೂ ಯಾರೂ ಬ್ರ್ಯಾಂಡ್ ಬದಲಿಸದಿದ್ದರೆ. ಬ್ರ್ಯಾಂಡಿಗೊಂದು ಶೀಟ್ ಮಾಡಿದಲ್ಲಿಗೆ ಕೆಡುತ್ತದೆ: ಒಬ್ಬನ ಹೆಸರು ಎರಡು ಶೀಟಿನಲ್ಲಿ ಬರುತ್ತದೆ, ಅಡ್ವಾನ್ಸ್ ಒಂದರಲ್ಲಿ ಕಡಿದಿರುತ್ತದೆ, ಇನ್ನೊಂದರಲ್ಲಿ ಇಲ್ಲ. ಎಲ್ಲರೂ ಒಂದೇ ಶೀಟಿನಲ್ಲಿ, ಬ್ರ್ಯಾಂಡ್ ಒಂದು ಕಾಲಂ, ಬ್ರ್ಯಾಂಡ್‌ವಾರು ಮೊತ್ತಕ್ಕೆ ಪಿವಟ್ ಟೇಬಲ್. ಇಷ್ಟೇ ನಿಯಮ.

ಟ್ಯಾಲಿಪ್ರೈಮ್ ಈಗಾಗಲೇ ಲೆಕ್ಕಕ್ಕೆ ಇದ್ದರೆ ಪೇರೋಲಿಗೆ ಬೇರೆ ಹಣ ಬೇಡ. ನೌಕರರ ಕೆಟಗರಿಯನ್ನು ಬ್ರ್ಯಾಂಡಾಗಿ, ಗುಂಪನ್ನು ಶಾಖೆಯಾಗಿ ಇಟ್ಟರೆ ಸಂಬಳದ ವೋಚರ್ ನೇರವಾಗಿ ಬ್ರ್ಯಾಂಡ್‌ವಾರು ಬೀಳುತ್ತದೆ. ದುರ್ಬಲ ಜಾಗ ಎಂದರೆ ತಿಂಗಳ ನಡುವೆ ಬ್ರ್ಯಾಂಡ್ ಬದಲಿಸುವವರು. ಅವರನ್ನು ಮೂಲ ಬ್ರ್ಯಾಂಡಿನಲ್ಲೇ ಬಿಟ್ಟು, ಎರವಲು ಹೋದ ದಿನಗಳ ಖರ್ಚನ್ನು ತಿಂಗಳ ಕೊನೆಗೆ ಒಂದು ಜರ್ನಲ್ (ಹೊಂದಾಣಿಕೆ ನಮೂದು) ಮೂಲಕ ದಾಟಿಸುವುದು ಸುಲಭ. ತಿಂಗಳಿಗೆ ಇಂಥ ಜರ್ನಲ್ ನಾಲ್ಕೈದು ಇದ್ದರೆ ಸರಿ, ಮೂವತ್ತಾದರೆ ಟ್ಯಾಲಿ ನಿಮಗಲ್ಲ.

ಗ್ರೇಟ್‌ಎಚ್‌ಆರ್, ಜೋಹೊ ಪೇರೋಲ್, ಕೇಕಾ, ರೇಜರ್‌ಪೇಎಕ್ಸ್ ಪೇರೋಲ್‌ನಂಥ ಕ್ಲೌಡ್ ಸೇವೆಗಳು ಅಲ್ಲಿಂದ ಮುಂದಕ್ಕೆ. ಶಿಫ್ಟು, ಹಲವು ಯಂತ್ರಗಳ ಹಾಜರಿ, ರಜೆಯ ಲೆಕ್ಕ ಇವುಗಳಲ್ಲಿ ಕೆಲಸ ನಿಜಕ್ಕೂ ಉಳಿಯುತ್ತದೆ. ದರ ಸಾಮಾನ್ಯವಾಗಿ ತಲೆಗೆ, ತಿಂಗಳಿಗೆ. ಬಿಟ್ಟುಹೋದವರ ಹೆಸರಿಗೂ ದರ ಬೀಳುತ್ತದೆಯೇ, ಕನಿಷ್ಠ ಇಷ್ಟು ಜನ ಎಂಬ ಷರತ್ತಿದೆಯೇ, ಎರಡನೇ ಕಂಪನಿ ಸೇರಿಸಿದರೆ ಹೊಸ ಚಂದಾವೇ ಎಂದು ಮೊದಲೇ ಕೇಳಿ. ಹೋಟೆಲಿನಲ್ಲಿ ವರ್ಷಕ್ಕೆ ಅರ್ಧದಷ್ಟು ಸಪ್ಲೈಯರ್‌ಗಳು ಬದಲಾಗುವುದು ಅಪರೂಪವಲ್ಲ, ಮೊದಲ ಪ್ರಶ್ನೆ ಸಣ್ಣದಲ್ಲ.

ಡೆಮೊ ಕೊಡುವವರು ತಮ್ಮ ಮಾದರಿ ನೌಕರನನ್ನು ತೋರಿಸುತ್ತಾರೆ. ಬದಲಿಗೆ ನಿಮ್ಮ ಪಟ್ಟಿಯಿಂದ ಮೂರು ಕಷ್ಟದ ಹೆಸರು ಕೊಡಿ: ತಿಂಗಳ 11ಕ್ಕೆ ಬ್ರ್ಯಾಂಡ್ ಬದಲಿಸಿದವನು, ಒಂದೇ ದಿನ ಎರಡು ಶಾಖೆಯಲ್ಲಿ ದುಡಿದವನು, ಜುಲೈಯಲ್ಲಿ ಸಂಬಳ 21,000 ದಾಟಿದವನು. ಮೂವರ ಪೇ ಸ್ಲಿಪ್ ಮತ್ತು ಬ್ರ್ಯಾಂಡ್‌ವಾರು ಜರ್ನಲ್ ಅಲ್ಲೇ ತೆಗೆದು ತೋರಿಸಲಿ. ತೋರಿಸಲಾಗದಿದ್ದರೆ ಮಾತು ಮುಂದುವರಿಸುವ ಅಗತ್ಯವಿಲ್ಲ.

ಪಿಎಫ್-ಇಎಸ್‌ಐ ಕನ್ಸಲ್ಟೆಂಟ್ ಈ ಮೂರಕ್ಕೂ ಬದಲಿಯಲ್ಲ, ಜೊತೆ. ಮಂಗಳೂರು, ಉಡುಪಿ ಎರಡೂ ಕಡೆ ಪಿಎಫ್ ಪ್ರಾದೇಶಿಕ ಕಚೇರಿ ಇದೆ. ಅಲ್ಲಿ ಹೋಗಿ ಬಂದು ಕೆಲಸ ಮಾಡಿಸುವವರ ಬೆಲೆ ಹೆಸರು ತಿದ್ದುಪಡಿ ಬಂದಾಗ ಗೊತ್ತಾಗುತ್ತದೆ. ಆದರೆ ಪೋರ್ಟಲಿನಲ್ಲಿ ನೋಂದಾಯಿಸಿದ ಮೊಬೈಲ್ ಸಂಖ್ಯೆ, ಡಿಜಿಟಲ್ ಸಹಿ ನಿಮ್ಮದೇ ಇರಬೇಕು. ಹಣ ನಿಮ್ಮ ಖಾತೆಯಿಂದ ನೇರ ಇಲಾಖೆಗೆ ಹೋಗಬೇಕು, ಕನ್ಸಲ್ಟೆಂಟರ ಖಾತೆಗಲ್ಲ. ಪ್ರತಿ ತಿಂಗಳು ಚಲನ್ ಮಾತ್ರವಲ್ಲ, ಹೆಸರುವಾರು ಇಸಿಆರ್ (ಯಾರ ಹೆಸರಿಗೆ ಎಷ್ಟು ಪಿಎಫ್ ಕಟ್ಟಿದೆ ಎಂಬ ಪಟ್ಟಿ) ಪ್ರತಿಯನ್ನೂ ಪಡೆಯಿರಿ. ಚಲನ್‌ನಲ್ಲಿ ಮೊತ್ತ ಸರಿ ಇದ್ದು ಒಬ್ಬರ ಹಣ ಇನ್ನೊಬ್ಬರ ಯುಎಎನ್‌ಗೆ ಹೋಗುವುದುಂಟು.

ಪೇ ಸ್ಲಿಪ್, ಬ್ಯಾಂಕು, ರಜೆ

ಪೇ ಸ್ಲಿಪ್ ಮೇಲೆ ಬ್ರ್ಯಾಂಡಿನ ಲೋಗೊ ಇರಲಿ, ತೊಂದರೆ ಇಲ್ಲ. ಕಂಪನಿಯ ನೋಂದಾಯಿತ ಹೆಸರು ಮಾತ್ರ ದೊಡ್ಡದಾಗಿ ಇರಲೇಬೇಕು. ಸಾಲಕ್ಕೆ ಹೋದ ನೌಕರನ ಪಾಸ್‌ಬುಕ್ಕಿನಲ್ಲಿ ಒಂದು ಹೆಸರು, ಪೇ ಸ್ಲಿಪ್ಪಿನಲ್ಲಿ ಇನ್ನೊಂದು ಇದ್ದರೆ ಬ್ಯಾಂಕಿನವರು ಕಾಗದ ಹಿಂದೆ ಕೊಡುತ್ತಾರೆ. ಸಂಬಳಕ್ಕೆ ಬ್ರ್ಯಾಂಡಿಗೊಂದು ಬ್ಯಾಂಕ್ ಖಾತೆಯೂ ಬೇಡ. ಒಂದು ಖಾತೆ, ಒಂದು ಫೈಲ್.

ನಮ್ಮ ಊರಿಗೇ ಸೇರಿದ ಒಂದು ತೊಡಕು: ವಿಜಯಾ ಬ್ಯಾಂಕ್ 2019ರಲ್ಲಿ, ಕಾರ್ಪೊರೇಷನ್ ಮತ್ತು ಸಿಂಡಿಕೇಟ್ ಬ್ಯಾಂಕುಗಳು 2020ರಲ್ಲಿ ಬೇರೆ ಬ್ಯಾಂಕುಗಳಲ್ಲಿ ವಿಲೀನವಾದವು. ಹಳೆಯ ಪಾಸ್‌ಬುಕ್ಕಿನ ಐಎಫ್‌ಎಸ್‌ಸಿ ಕೋಡ್ ಈಗ ನಡೆಯುವುದಿಲ್ಲ. ಊರಿನ ಹಿರಿಯ ನೌಕರರು ತಂದುಕೊಡುವುದು ಅದೇ ಪಾಸ್‌ಬುಕ್. ಹೊಸ ಚೆಕ್ ಹಾಳೆ ಕೇಳಿ. ಹೆಸರಿನ ವಿಷಯವೂ ಹಾಗೇ. ಇನಿಶಿಯಲ್ ಮುಂದೋ ಹಿಂದೋ, ಡಿಸೋಜದ ನಡುವೆ ಅಪಾಸ್ಟ್ರಫಿ ಇದೆಯೋ ಇಲ್ಲವೋ, ಮದುವೆಯ ನಂತರದ ಹೆಸರೋ ಮೊದಲಿನದೋ, ಆಧಾರ್‌ನಲ್ಲಿ ಇದ್ದಂತೆ ಅಕ್ಷರಕ್ಕೆ ಅಕ್ಷರ ಪಟ್ಟಿಯಲ್ಲಿರಲಿ. ಹೊಸ ಯುಎಎನ್ ಉಮಂಗ್ ಆ್ಯಪ್‌ನಲ್ಲಿ ಮುಖ ತೋರಿಸಿ ಮಾಡಬೇಕಾದ್ದರಿಂದ ಸೇರಿದ ದಿನವೇ ಮುಗಿಸಿಬಿಡಿ. ಪಿಎಫ್ ಕಟ್ಟುವ ಗಡುವು 15, 14ನೇ ತಾರೀಕಿಗೆ ನೋಡಿದರೆ ಹುಡುಗ ಊರಿಗೆ ಹೋಗಿರುತ್ತಾನೆ.

ರಾಷ್ಟ್ರೀಯ ಮತ್ತು ಹಬ್ಬದ ರಜೆಗಳಲ್ಲಿ ಐದು ಗೊತ್ತಾದವು: ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1. ಉಳಿದ ಐದನ್ನು ಆರಿಸುವಾಗ ಉಡುಪಿಯ ಶಾಖೆಗೆ ವಿಟ್ಲಪಿಂಡಿ, ಮಂಗಳೂರಿನದಕ್ಕೆ ದಸರಾ, ಮೊಂತಿ ಹಬ್ಬ ಬೇಕೆನಿಸಬಹುದು. ಶಾಖೆವಾರು ಪಟ್ಟಿ ಇಡಲು ಅವಕಾಶ ಕೊಡದ ಸಾಫ್ಟ್‌ವೇರ್ ತೆಗೆದುಕೊಂಡರೆ ಚೌತಿಯ ಹೊತ್ತಿಗೆ ಕೈಯಾರೆ ತಿದ್ದುತ್ತಾ ಕೂರಬೇಕು.

ಹೊಸ ಸಂಹಿತೆಗಳ ನಂತರ

2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಯಲ್ಲಿವೆ. ಹಲವು ಬ್ರ್ಯಾಂಡಿನವರಿಗೆ ಇದರಲ್ಲಿ ತಟ್ಟುವುದು ಮುಖ್ಯವಾಗಿ ಎರಡು. ಮನೆ ಬಾಡಿಗೆ, ಪ್ರಯಾಣದಂಥ ಭತ್ಯೆಗಳು ಒಟ್ಟು ಸಂಬಳದ ಅರ್ಧ ಮೀರಿದರೆ ಮೀರಿದ ಭಾಗ ವೇತನಕ್ಕೇ ಸೇರುತ್ತದೆ. ಒಂದೊಂದು ಬ್ರ್ಯಾಂಡಿನಲ್ಲಿ ಒಂದೊಂದು ಬಗೆಯ ಸಂಬಳ ವಿಭಜನೆ ಇಟ್ಟುಕೊಂಡವರು ಎಲ್ಲವನ್ನೂ ಒಂದೇ ಮಾದರಿಗೆ ತರಲು ಇದೇ ಸಮಯ. ಎರಡನೆಯದು, ಕೆಲಸ ಬಿಟ್ಟವರ ಬಾಕಿ ವೇತನ ಎರಡು ಕೆಲಸದ ದಿನಗಳೊಳಗೆ ಸಲ್ಲಬೇಕು. ಅಡ್ವಾನ್ಸ್ ಹೋಟೆಲಿನ ಪುಸ್ತಕದಲ್ಲಿ, ರಜೆ ಪಾರ್ಲರಿನ ಪುಸ್ತಕದಲ್ಲಿ, ಸಮವಸ್ತ್ರದ ಲೆಕ್ಕ ಮ್ಯಾನೇಜರನ ಡೈರಿಯಲ್ಲಿ ಇದ್ದರೆ ಎರಡು ದಿನದಲ್ಲಿ ಲೆಕ್ಕ ಮುಗಿಯದು. ಎಲ್ಲ ಕಡಿತ ಸೇರಿ ವೇತನದ ಅರ್ಧ ಮೀರುವಂತಿಲ್ಲ ಎಂಬುದೂ ನೆನಪಿರಲಿ. ದೊಡ್ಡ ಅಡ್ವಾನ್ಸ್ ಕೊಡುವ ವಾಡಿಕೆ ಇರುವಲ್ಲಿ ಇದು ಮೊದಲು ಮುರಿಯುವ ನಿಯಮ.

ತಲಪಾಡಿ ದಾಟಿದರೆ

ಕಾಸರಗೋಡಿನಲ್ಲಿ ಶಾಖೆ ತೆರೆದ ಕೂಡಲೇ ಒಂದೇ ಪಟ್ಟಿಯ ಸುಖ ಸ್ವಲ್ಪ ಕರಗುತ್ತದೆ. ಅಲ್ಲಿಯ ವೃತ್ತಿ ತೆರಿಗೆ ಆರು ತಿಂಗಳಿಗೊಮ್ಮೆ, ಕಟ್ಟುವುದು ಸ್ಥಳೀಯ ಸಂಸ್ಥೆಗೆ. ಕನಿಷ್ಠ ವೇತನ, ಕಲ್ಯಾಣ ನಿಧಿ, ಅಂಗಡಿ ಕಾಯ್ದೆ ಎಲ್ಲ ಕೇರಳದ್ದು. ಪಿಎಫ್ ಕೋಡ್ ಅದೇ ನಡೆಯುತ್ತದೆ, ಇಎಸ್‌ಐಗೆ ಉಪಕೋಡ್ ತೆಗೆದುಕೊಳ್ಳಬೇಕು. ಜಿಎಸ್‌ಟಿ ನೋಂದಣಿಯೂ ಬೇರೆ, ಹಾಗಾಗಿ ಮಂಗಳೂರಿನ ಆಫೀಸಿನ ಖರ್ಚನ್ನು ಅಲ್ಲಿಗೆ ಹಂಚುವಾಗ ಸಿಎ ಅವರನ್ನು ಕೇಳಿಯೇ ಮುಂದುವರಿಯಿರಿ. ಪಟ್ಟಿಯಲ್ಲಿ ಬ್ರ್ಯಾಂಡಿನ ಜೊತೆಗೆ 'ರಾಜ್ಯ' ಎಂಬ ಕಾಲಂ ಈಗಲೇ ಇಟ್ಟಿದ್ದರೆ ಅವತ್ತು ತಲೆನೋವು ಕಡಿಮೆ.

ಬದಲಾಯಿಸುವುದು ಯಾವಾಗ

ಏಪ್ರಿಲ್. ತೆರಿಗೆ ವರ್ಷ, ಇಎಸ್‌ಐ ಅವಧಿ, ಹೊಸ ತುಟ್ಟಿಭತ್ಯೆ ಮೂರೂ ಅಲ್ಲಿಂದಲೇ ಶುರು. ಅಕ್ಟೋಬರಿನಲ್ಲೂ ಆದೀತು, ಆದರೆ ಆರು ತಿಂಗಳ ಸಂಬಳ ಮತ್ತು ಟಿಡಿಎಸ್ ವಿವರವನ್ನು ಹೊಸ ಸಾಧನಕ್ಕೆ ತುಂಬಬೇಕು. ಚೌತಿಯಿಂದ ದೀಪಾವಳಿಯ ತನಕ ಮುಟ್ಟಬೇಡಿ. ಓಟಿ, ಬೋನಸ್, ಎರವಲು ಎಲ್ಲ ಒಟ್ಟಿಗೆ ಬರುವ ಕಾಲ ಅದು.

ಫೆಬ್ರವರಿ, ಮಾರ್ಚ್ ಎರಡು ತಿಂಗಳು ಹಳೆಯದು ಮತ್ತು ಹೊಸದು ಎರಡರಲ್ಲೂ ಪಟ್ಟಿ ತೆಗೆಯಿರಿ. ಹೋಲಿಸಬೇಕಾದ್ದು ಒಟ್ಟು ಮೊತ್ತವನ್ನಲ್ಲ, ಹೆಸರು ಹೆಸರನ್ನು. ಒಬ್ಬನಿಗೆ ನೂರು ಹೆಚ್ಚು, ಇನ್ನೊಬ್ಬನಿಗೆ ನೂರು ಕಡಿಮೆ ಆದರೂ ಒಟ್ಟು ಸರಿಯೇ ಕಾಣುತ್ತದೆ. ಫೆಬ್ರವರಿಯಲ್ಲಿ ವೃತ್ತಿ ತೆರಿಗೆ 300 ಬಂದಿದೆಯೇ ನೋಡಿ, ಹೊಸ ಸಾಧನಕ್ಕೆ ಕರ್ನಾಟಕದ ನಿಯಮ ಗೊತ್ತಿದೆಯೇ ಎಂದು ಅದರಿಂದಲೇ ತಿಳಿಯುತ್ತದೆ. ರೂಪಾಯಿ ಸುತ್ತುವಿಕೆಯ ವ್ಯತ್ಯಾಸ ಇದ್ದರೆ ಬಿಡಿ. ಇಎಸ್‌ಐಯಲ್ಲಿ ಪೈಸೆಯನ್ನು ಮುಂದಿನ ರೂಪಾಯಿಗೆ ಏರಿಸುತ್ತಾರೆ, ಪಿಎಫ್‌ನಲ್ಲಿ ಹತ್ತಿರದ ರೂಪಾಯಿಗೆ. ಅದಕ್ಕಿಂತ ಹೆಚ್ಚಿನ ವ್ಯತ್ಯಾಸ ಒಬ್ಬರಲ್ಲಿ ಕಂಡರೂ ಕಾರಣ ಸಿಗುವ ತನಕ ಹಳೆಯ ಪಟ್ಟಿಯಿಂದಲೇ ಸಂಬಳ ಹಾಕಿ. ವೇತನಕ್ಕೆ ಮುಂದಿನ ತಿಂಗಳ 7, ಟಿಡಿಎಸ್‌ಗೂ 7 (ಮಾರ್ಚಿನದಕ್ಕೆ ಮಾತ್ರ ಏಪ್ರಿಲ್ 30), ಪಿಎಫ್, ಇಎಸ್‌ಐಗೆ 15, ವೃತ್ತಿ ತೆರಿಗೆಗೆ 20. ಹೊಸ ಸಾಫ್ಟ್‌ವೇರ್ ಕೈಕೊಟ್ಟಿತು ಎಂಬ ಕಾರಣಕ್ಕೆ ಈ ತಾರೀಕುಗಳು ಮುಂದೆ ಹೋಗುವುದಿಲ್ಲ.